ತಗಡು ಮಾರುವವರ ತೊಂಡೆಬಳ್ಳಿ

ಅಂಗಡಿಗೆ ಬಂದ ಗಿರಾಕಿಯನ್ನು "ನಿಮಗಿದು ಬೇಡ, ಮನೆಗೆ ಹೋಗ್ರಿ" ಎಂದು ವಾಪಸು ಕಳಿಸುವ ವ್ಯಾಪಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದಷ್ಟೇ ಅಲ್ಲ, ಅವರ ಮನೆಗೇ ಸೊಸೆಯಾಗಿ ಹೋಗಿ, ಅವರ ತಟ್ಟೆಗೆ ವರ್ಷಗಟ್ಟಲೆ ರೊಟ್ಟಿ ಬಡಿಸಿದ್ದೇನೆ. ನಮ್ಮ ಮಾವನವರಿಗೆ ತಲೆ ಕೆಟ್ಟಿದೆ ಎಂದು ಶಿಕಾರಿಪುರದಲ್ಲಿ ಅರ್ಧ ಊರು ಹೇಳುತ್ತಿತ್ತು. ಉಳಿದರ್ಧ ಊರು ಹೇಳುತ್ತಿರಲಿಲ್ಲ, ಯಾಕೆಂದರೆ ಅವರ ಮನೆಯ ಮಾಡಿನ ಮೇಲೆ ಮಾವನವರು ಹತ್ತಿ ಕೂತಿರುತ್ತಿದ್ದರು!

ಮೊದಲು ಅವರ ವ್ಯಾಪಾರ ಹೇಳಿಬಿಡುತ್ತೇನೆ. ಕಬ್ಬಿಣ, ಸಿಮೆಂಟು ಮತ್ತು ತಗಡು. ಅದರಲ್ಲೂ ತಗಡೆಂದರೆ ಅವರಿಗೆ ಪ್ರಾಣ. ಹುಲ್ಲಿನ ಮನೆಯವರು ಯಾರಾದರೂ ಅಂಗಡಿ ಮುಂದೆ ಹಾದುಹೋದರೆ ಕೂಗಿ ಕರೆಯುತ್ತಿದ್ದರಂತೆ. ಚಹಾ ತರಿಸಿ ಕುಡಿಸಿ, ಹುಲ್ಲಿನ ಮಾಡಿನಲ್ಲಿ ಇಲಿ ಎಷ್ಟು, ಹಾವು ಎಷ್ಟು, ಒಂದು ಕಿಡಿ ಹಾರಿದರೆ ಗತಿ ಏನು ಎಂದು ಎಂಥ ಧೈರ್ಯವಂತನೂ ಬೆವರುವಂತೆ ವರ್ಣಿಸುತ್ತಿದ್ದರಂತೆ. ಚಹಾದ ಲೋಟ ಕೆಳಗಿಡುವ ಹೊತ್ತಿಗೆ ತಗಡು ಗಾಡಿಗೆ ಏರಿರುತ್ತಿತ್ತು. ಹಾಗೆ ಇಪ್ಪತ್ತು ವರ್ಷ ನಡೆದ ಮೇಲೆ ನಮ್ಮ ತಾರಸಿಯಿಂದ ನೋಡಿದರೆ ಊರ ತುಂಬ ತಗಡೇ. ಮಧ್ಯಾಹ್ನ ಕಣ್ಣು ಬಿಡುವುದಕ್ಕಾಗುತ್ತಿರಲಿಲ್ಲ, ಹಾಗೆ ಹೊಳೆಯುತ್ತಿತ್ತು. ಮಾವನವರು ಸಂಜೆ ಅಲ್ಲಿ ನಿಂತು, ರೈತ ಬೆಳೆ ನೋಡುವ ಹಾಗೆ ಅದನ್ನು ನೋಡುತ್ತಿದ್ದರು.

ನಾನು ಸೊರಬದ ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯವಳು, ಮೇಷ್ಟ್ರ ಮಗಳು. ಮದುವೆಯಾಗಿ ಬಂದಿದ್ದು ತೊಂಬತ್ತರ ದಶಕ ಶುರುವಾದಾಗ. ಗಂಡನ ಮನೆ ಹೊಸ ಆರ್‌ಸಿಸಿ ಮನೆ. ನಮ್ಮ ಬೀದಿಯಲ್ಲಿ ಹೆಸರಿಗೆ ಒಂದು ಮರವಿರಲಿಲ್ಲ. ಇದ್ದ ಒಂದು ಬೇವನ್ನು ಸಿಮೆಂಟಿನ ಲಾರಿ ತಿರುಗುವುದಕ್ಕೆ ಅಡ್ಡವೆಂದು ನಮ್ಮ ಮಾವನವರೇ ಕಡಿಸಿದ್ದರು. ಮೊದಲ ಏಪ್ರಿಲ್‌ನಲ್ಲೇ ನನಗೆ ಆ ಮನೆಯ ಮಹಿಮೆ ತಿಳಿಯಿತು. ತಾರಸಿಯ ಮೇಲೆ ಸಂಡಿಗೆ ಹಾಕಿ, ಕೊನೆಯ ಸಾಲು ಮುಗಿಸಿ ತಿರುಗಿ ನೋಡಿದರೆ ಮೊದಲ ಸಾಲು ಒಣಗಿ ಎದ್ದು ಬಂದಿತ್ತು. ಆ ಮನೆಯನ್ನು ಅತ್ತೆ ಮನಸಾರೆ ಹೊಗಳುತ್ತಿದ್ದುದು ಅದೊಂದೇ ಕಾರಣಕ್ಕೆ. ತಾರಸಿಯ ಕೆಳಗಿನ ಕೋಣೆ ನಮ್ಮದು, ಹೊಸ ದಂಪತಿಗಳದ್ದು. ಬೇಸಿಗೆ ಮುಗಿಯುವವರೆಗೆ ಅಲ್ಲಿ ನಮ್ಮ ಟ್ರಂಕುಗಳು ಮಾತ್ರ ಸಂಸಾರ ಮಾಡಿದವು.

ಮಾವನವರ ತಲೆ ಕೆಟ್ಟಿದ್ದು ಅದೇ ಏಪ್ರಿಲ್‌ನಲ್ಲಿ, ಒಂದು ಕಂಬಳಿಯ ದೆಸೆಯಿಂದ.

ಊರಂಚಿನ ಓಣಿಯಲ್ಲಿ ಕುರಿ ಸಾಕುವ, ಕಂಬಳಿ ನೇಯುವ ಹತ್ತಾರು ಮನೆಗಳಿದ್ದವು. ಅಲ್ಲಿನ ಹನುಮವ್ವ ಎಂಬ ಮುದುಕಿಗೆ ಮಾವನವರು ಒಂದು ಕಂಬಳಿ ಹೇಳಿದ್ದರು. ಅದನ್ನು ತರಲು ಒಂದು ದಿನ ಮಧ್ಯಾಹ್ನ ತಾವೇ ಹೋದರು. ಮಧ್ಯಾಹ್ನ ಯಾವತ್ತೂ ಅಂಗಡಿಯ ಫ್ಯಾನು ಬಿಟ್ಟು ಏಳದವರು, ಅವತ್ತು ಯಾಕೆ ಹೋದರೋ. ಹೋಗಿ ನೋಡಿದರೆ ಹನುಮವ್ವನ ಮಗಳು ಹಸಿ ಬಾಣಂತಿ, ಎಳೆ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮನೆಯ ಹೊರಗೆ, ಪಕ್ಕದ ಗೋಡೆಯ ನೆರಳಿನಲ್ಲಿ ಮಲಗಿದ್ದಾಳೆ. ನೆರಳು ಸರಿದ ಹಾಗೆಲ್ಲ ಅವಳೂ ಚಾಪೆ ಸರಿಸುತ್ತಿದ್ದಾಳೆ. ಬಾಣಂತಿಯನ್ನು ಹೀಗೆ ಬೀದಿಯಲ್ಲಿ ಹಾಕುವುದೇ ಎಂದು ಮಾವನವರು ಗದರಿಸಿದರಂತೆ. ಹನುಮವ್ವ ಕಂಬಳಿ ಮಡಿಸುತ್ತ, ಸಿಟ್ಟೂ ಇಲ್ಲದೆ ಗೋಳೂ ಇಲ್ಲದೆ ಹೇಳಿದಳಂತೆ:

"ಒಳಗ ಕೂಸು ಬೇಯ್ತೈತಿ ಸಾಹುಕಾರ್ರೆ. ಹುಲ್ಲಿನ ಮನಿ ಇದ್ದಾಗ ಹಿಂಗಿರಲಿಲ್ಲ. ತಗಡು ಹಾಕು ಅಂತ ನೀವs ಹೇಳಿದ್ರಿ."

ಮಾವನವರು ಒಳಗೆ ಹೋಗಿ ನಿಂತರಂತೆ. ಎಷ್ಟು ಹೊತ್ತು ನಿಂತರೋ ಅವರು ಹೇಳಲಿಲ್ಲ. ಮನೆಗೆ ಬಂದವರು ಕಂಬಳಿಯನ್ನು ಜಗಲಿಯ ಮೇಲೆ ಹಾಕಿ, ಊಟಕ್ಕೆ ಏಳಲಿಲ್ಲ. ಅತ್ತೆ ಮೂರು ಸಲ ಕರೆದರು. ಆಮೇಲೆ ತಾರಸಿ ಹತ್ತಿದರು. ಆ ಬಿಸಿಲಲ್ಲಿ ಬರಿಗಾಲಲ್ಲಿ ನಿಂತು ಊರು ನೋಡುತ್ತಿದ್ದರು. ಸಂಡಿಗೆ ತೆಗೆಯಲು ಹೋಗಿದ್ದ ನನ್ನನ್ನು ಕಂಡು, ಅಷ್ಟೂ ತಗಡಿನ ಕಡೆ ಕೈ ತೋರಿಸಿ, "ಎಲ್ಲಾ ನಾನs ಮಾರಿದ್ದು" ಎಂದರು. ಮುಂಚೆಯೂ ಅದನ್ನೇ ಹೇಳುತ್ತಿದ್ದರು. ದನಿ ಮಾತ್ರ ಬೇರೆಯಾಗಿತ್ತು.

ಮಾರನೆಯ ದಿನ ಒಂದು ಗಾಡಿ ಭತ್ತದ ಹುಲ್ಲು ಹನುಮವ್ವನ ಮನೆಗೆ ಹೋಯಿತು. ತಗಡಿನ ಮೇಲೆ ಹುಲ್ಲು ಹರಡಿ ನೀರು ಹೊಡೆದರೆ ಒಳಗೆ ತಂಪಾಗುತ್ತದೆ ಎಂಬುದು ಮಾವನವರ ಲೆಕ್ಕಾಚಾರ. ತಂಪೇನೋ ಆಯಿತು. ಮೂರನೆಯ ದಿನ ಗಾಳಿ ಎದ್ದು, ಹುಲ್ಲೆಲ್ಲ ಹಾರಿ ಓಣಿಯ ತುಂಬ ಬಿದ್ದಿತು. ಹನುಮವ್ವನ ಕುರಿಗಳಿಗೆ ಅಂಥ ಹಬ್ಬ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ಆಗ ಮಾವನವರು ನನ್ನನ್ನು ಕರೆದು, ನಿಮ್ಮ ಸೊರಬದಲ್ಲಿ ಬೇಸಿಗೆಗೆ ಏನು ಮಾಡುತ್ತೀರಿ ಎಂದು ಕೇಳಿದರು. ಮಾವ ಸೊಸೆಯನ್ನು ಸಲಹೆ ಕೇಳುವುದು! ನಾನು ಗಾಬರಿಯಾಗಿ, ನಮ್ಮಮ್ಮ ಅಂಗಳಕ್ಕೆ ತೊಂಡೆ, ಬಸಳೆ ಚಪ್ಪರ ಹಬ್ಬಿಸುತ್ತಾಳೆ, ಮಧ್ಯಾಹ್ನ ಎಲ್ಲರೂ ಅದರ ಕೆಳಗೇ ಇರುತ್ತೇವೆ ಎಂದೆ. ಅಷ್ಟೇ ನಾನು ಹೇಳಿದ್ದು. ಮಳೆ ಹಿಡಿದ ವಾರವೇ ಅವರು, ಅತ್ತೆ, ನಾನು ಸೊರಬದ ಬಸ್ಸಿನಲ್ಲಿದ್ದೆವು.

ಬೀಗರು ಮೊದಲ ಸಲ ತಾವಾಗಿ ಬರುತ್ತಿದ್ದಾರೆಂದು ಅಮ್ಮ ಹೋಳಿಗೆ ಮಾಡಿದ್ದಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಮಾವನವರು ಇಬ್ಬರಿಗೂ ನಮಸ್ಕಾರ ಮಾಡಿ, ನೆಟ್ಟಗೆ ಹಿತ್ತಿಲಿಗೆ ನಡೆದು, ಗೊಬ್ಬರದ ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ತೊಂಡೆಯ ಕಾಂಡ ಬೇಕು, ಬಸಳೆಯ ಕುಡಿ ಬೇಕು, ಜೊತೆಗೆ ಎರಡು ಚೀಲ ಈ ಗೊಬ್ಬರದ ಮಣ್ಣೂ ಬೇಕು ಅಂದರು. ಶಿಕಾರಿಪುರದ ಮಣ್ಣು ಸಿಮೆಂಟಿನ ಸಹವಾಸ ಮಾಡಿ ಬೆಳೆಯುವುದನ್ನೇ ಮರೆತಿದೆ ಎಂಬುದು ಅವರ ವಾದ. ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು: "ಬೀಗರಿಗೆ ಗೊಬ್ಬರ ಕಟ್ಟಿ ಕಳಿಸೂದಾ? ಕಂಡವರು ಎಂತ ಅಂತಾರೆ?"

ಕಂಡವರು ಏನೂ ಅನ್ನಲಿಲ್ಲ. ಅಂದವನು ಕಂಡಕ್ಟರ್. ಮಣ್ಣಿಗೂ ಲಗೇಜ್ ಟಿಕೆಟ್ ಆಗುತ್ತದೆ ರೀ ಎಂದ. ಊರಿಗೆ ಮಣ್ಣು ಹೊತ್ತುಕೊಂಡು ಹೋಗುವವರನ್ನು ತನ್ನ ಸರ್ವಿಸಿನಲ್ಲೇ ನೋಡಿಲ್ಲ ಎಂದೂ ಸೇರಿಸಿದ. ಮಾವನವರು ಅವನಿಗೂ ಒಂದು ತೊಂಡೆ ಕಾಂಡ ಕೊಟ್ಟು, ನಿಮ್ಮ ಮನೆಯ ಮಾಡು ಹೆಂಚಿನದೋ ತಗಡಿನದೋ ಎಂದು ವಿಚಾರಿಸಿದರು. ಶಿಕಾರಿಪುರ ಬರುವಷ್ಟರಲ್ಲಿ ಅವನು ಅಂಗಡಿಯ ದಾರಿ ಕೇಳಿಕೊಂಡಿದ್ದ.

ಬಳ್ಳಿ ನೆಟ್ಟರೆ ಮುಗಿಯಿತು ಎಂದುಕೊಂಡಿರಿ ತಾನೇ? ನಾವೂ ಹಾಗೇ ಅಂದುಕೊಂಡಿದ್ದೆವು. ಮಳೆಗಾಲವೆಲ್ಲ ಹನುಮವ್ವನ ಗೋಡೆಯ ಬುಡದಲ್ಲಿ ತೊಂಡೆ ಸೊಗಸಾಗಿ ಎದ್ದಿತು. ಚಳಿ ಮುಗಿದು ಬಿಸಿಲು ಚುರುಕಾದಾಗ ತಗಡು ಮುಟ್ಟಿದ ಕುಡಿಯೆಲ್ಲ ಒಂದೇ ದಿನದಲ್ಲಿ ಸುಟ್ಟು ಕರ್ರಗಾಯಿತು. ಮಾವನವರು ಏಣಿ ಹತ್ತಿ ಆ ಸುಟ್ಟ ಕುಡಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಇಳಿಯಲೇ ಇಲ್ಲವಂತೆ. ದಾರಿ ತೋರಿಸಿದವಳು ಹನುಮವ್ವನೇ. ರೊಟ್ಟಿ ಬುಟ್ಟಿಯೊಳಗೆ ಬಿಸಿ ರೊಟ್ಟಿಯ ಕೆಳಗೆ ಕಡ್ಡಿ ಇಡುವುದಿಲ್ಲವೇ, ಹಾಗೆ ತಗಡಿಗೂ ಬಳ್ಳಿಗೂ ನಡುವೆ ಗಾಳಿ ಆಡಬೇಕು ಎಂದಳು. ಬಿದಿರಿನ ಗಳ ಕಟ್ಟಿ, ಕುರಿಗೆ ಹಾಕುವ ಹಳೆಯ ಬಲೆಯನ್ನು ತಗಡಿನಿಂದ ಒಂದು ಮೊಳ ಮೇಲೆ ಬಿಗಿದರು. ಸ್ನಾನದ ನೀರು, ಅಕ್ಕಿ ತೊಳೆದ ನೀರು ಎಲ್ಲ ಬುಡಕ್ಕೆ. ತೊಂಡೆ ಮತ್ತೆ ಚಿಗುರಿ, ಬಲೆ ಹಿಡಿದು ಹತ್ತಿತು.

ಇತ್ತ ನಮ್ಮ ತಾರಸಿಯ ಮೇಲೆ ಬೇರೆಯೇ ಕಾರುಬಾರು. ಅಂಗಡಿಯಲ್ಲಿ ಒಡೆದ ಸಿಮೆಂಟ್ ಪೈಪು, ಸೊಟ್ಟಗಾದ ಬಕೆಟ್ಟು, ಬಣ್ಣದ ಡಬ್ಬಿ, ಹರಿದ ಸಿಮೆಂಟ್ ಚೀಲ ಎಲ್ಲದರಲ್ಲೂ ಮಣ್ಣು. ಅವರೆ, ಸೋರೆ, ಹೀರೆ, ಮಲ್ಲಿಗೆ, ಬದನೆ. ಮನೆಗೆ ಬಂದ ನೆಂಟರು ಕೈ ತೊಳೆಯಬೇಕಾದರೆ ಬಕೆಟ್ಟಿನ ಮೇಲೆ ಬಗ್ಗಿಯೇ ತೊಳೆಯಬೇಕು. ಬಾಯಿ ಮುಕ್ಕಳಿಸಿ ಹೊರಗೆ ಉಗುಳಿದರೆ, ಒಂದು ಬದನೆ ಗಿಡಕ್ಕೆ ಅನ್ಯಾಯವಾಯಿತು ಎಂದು ಮಾವನವರ ಮುಖವೇ ಹೇಳುತ್ತಿತ್ತು.

ಒಂದು ಬೆಳಿಗ್ಗೆ ಅವರು ಲಿಂಗಪೂಜೆಗೆ ಕೂತಾಗ ಬೆನ್ನಿನ ಮೇಲೆ ಟಪ್ಪನೆ ಒಂದು ಹನಿ ಬಿತ್ತು. ಮತ್ತೊಂದು. ತಾರಸಿ ಸೋರುತ್ತಿತ್ತು! ಸಿಮೆಂಟ್ ಸಾಹುಕಾರರ ಮನೆಯೇ ಸೋರುತ್ತದೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಪೇಟೆ ತಲುಪಿತು. ನಮ್ಮ ಯಜಮಾನರು, ಅಂದರೆ ಅವರ ಮಗ, ಅಂಗಡಿಯಲ್ಲಿ ತಲೆಯೆತ್ತಲಾರದೆ ಬಂದು, ಗಿಡ ಇರಬೇಕು ಇಲ್ಲವೇ ವ್ಯಾಪಾರ ಇರಬೇಕು, ಎರಡರಲ್ಲಿ ಒಂದು ಹೇಳಿಬಿಡಿ ಎಂದರು. ಮಾವನವರು ಒಂದು ವಾರ ಅಂಗಡಿಗೆ ಹೋಗಲಿಲ್ಲ. ಕುಂಡಗಳನ್ನೆಲ್ಲ ಒಂದು ಮೂಲೆಗೆ ಸರಿಸಿ, ಗಾರೆಯವರ ಜೊತೆ ತಾವೂ ಕೂತು, ನೀರು ಹರಿಯುವ ಹಾಗೆ ಇಳಿಜಾರು ಕೊಟ್ಟು ಮತ್ತೆ ಗಾರೆ ಮಾಡಿಸಿ, ಪ್ರತಿ ಕುಂಡದ ಕೆಳಗೂ ಇಟ್ಟಿಗೆ ಇಟ್ಟರು. ಆಮೇಲೆ ಒಂದು ಹನಿಯೂ ಇಳಿಯಲಿಲ್ಲ. ತಾರಸಿಯ ಗಾರೆ ಕಲಿಯಲು ಜನ ಬರತೊಡಗಿದರು. ಬಂದವರು ಬರಿಗೈಯಲ್ಲಿ ಹೋಗುವ ಹಾಗಿಲ್ಲ, ಕರಟದಲ್ಲಿ ನೆಟ್ಟ ಒಂದು ತೊಂಡೆಯ ಕಾಂಡ ಹಿಡಿದೇ ಹೋಗಬೇಕು.

ನನ್ನ ನಾದಿನಿಯನ್ನು ನೋಡಲು ದಾವಣಗೆರೆ ಕಡೆಯಿಂದ ಗಂಡಿನವರು ಬಂದ ದಿನದ ಕಥೆ ಕೇಳಿ. ಹುಡುಗನ ತಂದೆ, ಮನೆಯೊಳಗೆ ಇಷ್ಟು ತಣ್ಣಗಿದೆಯಲ್ಲ ಎಂದರು. ಅಷ್ಟು ಸಾಕಾಯಿತು. ಮಾವನವರು ಅವರನ್ನು ತಾರಸಿಗೆ ಕರೆದುಕೊಂಡು ಹೋದರು. ಉಪ್ಪಿಟ್ಟು ಆರಿತು. ನಾದಿನಿ ಸೀರೆಯುಟ್ಟು ತಟ್ಟೆ ಹಿಡಿದು ಎರಡು ಸಲ ಬಂದು ಎರಡು ಸಲ ವಾಪಸು ಹೋದಳು. ಹುಡುಗನೂ ಮೇಲೆ ಹೋದ. ಇಳಿದು ಬಂದಾಗ ಹುಡುಗನ ತಂದೆಯ ಕೈಯಲ್ಲಿ ಮೊಳದುದ್ದದ ಸೋರೆಕಾಯಿ ಇತ್ತು, ಮದುವೆ ನಿಶ್ಚಯವಾಗಿತ್ತು. ಅವರು ಒಪ್ಪಿದ್ದು ನನ್ನನ್ನೋ ಸೋರೆಕಾಯಿಯನ್ನೋ ಎಂದು ನಾದಿನಿ ಈಗಲೂ ಕೇಳುತ್ತಾಳೆ.

ಅಂಗಡಿಯಲ್ಲಿ ತಗಡಿನ ವ್ಯಾಪಾರವೂ ಹೊಸ ರೀತಿ ಹಿಡಿಯಿತು. ತಗಡು ಕೇಳಿ ಬಂದವರಿಗೆ ಮಾವನವರು ಡಾಕ್ಟರ ಹಾಗೆ ಪ್ರಶ್ನೆ ಹಾಕುತ್ತಿದ್ದರು. ಮನೆ ಯಾವ ದಿಕ್ಕಿಗಿದೆ? ಮಧ್ಯಾಹ್ನ ಒಳಗೆ ಯಾರಿರುತ್ತಾರೆ? ವಯಸ್ಸಾದವರು, ಕೂಸುಗಳು ಇದ್ದಾರೋ? ಬುಡಕ್ಕೆ ನೀರು ಹಾಕುವವರು ಯಾರು? ಬಳ್ಳಿ ಹಬ್ಬಿಸಲು ಒಪ್ಪಿದರೆ ತಗಡು, ಬಿದಿರು, ಜೊತೆಗೆ ತೊಂಡೆಯ ಕಾಂಡ. ಒಪ್ಪದಿದ್ದರೆ, ಪೇಟೆಯ ಆ ಕೊನೆಯಲ್ಲಿ ಹೆಂಚಿನ ಅಂಗಡಿ ಇದೆ, ಅಲ್ಲಿಗೆ ಹೋಗ್ರಿ. ಆ ಹೆಂಚಿನ ಅಂಗಡಿಯವರು ಇಪ್ಪತ್ತು ವರ್ಷದಿಂದ ಮಾವನವರ ಜೊತೆ ಮಾತಾಡದವರು. ಆ ವರ್ಷ ದೀಪಾವಳಿಗೆ ಸಿಹಿ ಕಳಿಸಿದರು.

ಮೂರನೆಯ ಬೇಸಿಗೆಯಲ್ಲಿ ಒಂದು ದಿನ ಮಾವನವರು ಕಾಣೆಯಾದರು.

ಬೆಳಿಗ್ಗೆ ಅಂಗಡಿಗೆಂದು ಹೋದವರು ಅಂಗಡಿಯಲ್ಲಿಲ್ಲ, ಊಟಕ್ಕೂ ಬರಲಿಲ್ಲ. ಬಿಸಿಲೆಂದರೆ ಅಂಥ ಬಿಸಿಲು. ಅದರ ಹಿಂದಿನ ದಿನವೇ ಸಂತೆಯಲ್ಲಿ ಯಾರೋ ತಲೆ ಸುತ್ತಿ ಬಿದ್ದಿದ್ದರು. ನಮ್ಮ ಯಜಮಾನರು ಬಸ್‌ ಸ್ಟ್ಯಾಂಡ್, ಕೆರೆ ಏರಿ, ಆಸ್ಪತ್ರೆ ಎಲ್ಲ ಸುತ್ತಿ ಬಂದರು. ನನಗೆ ಹನುಮವ್ವನ ಓಣಿ ನೆನಪಾಯಿತು. ಅತ್ತೆಯನ್ನು ಕರೆದುಕೊಂಡು ನಡೆದೆ.

ನಾನು ಅಲ್ಲಿಗೆ ಹೋಗಿ ಬಹಳ ದಿನವಾಗಿತ್ತು. ಓಣಿಯ ತಿರುವಿನಲ್ಲಿ ಇಬ್ಬರೂ ನಿಂತುಬಿಟ್ಟೆವು. ಹನುಮವ್ವನ ಮನೆಯ ತೊಂಡೆ ಅವಳ ಮಾಡು ದಾಟಿ, ಪಕ್ಕದ ಮನೆಯ ಬಲೆ ಹಿಡಿದು, ಅಲ್ಲಿಂದ ಮುಂದಿನದಕ್ಕೆ ಹೋಗಿತ್ತು. ಆಚೆ ಕಡೆಯಿಂದ ಯಾರದೋ ಬಸಳೆ ಬಂದು ಅದಕ್ಕೆ ಸೇರಿಕೊಂಡಿತ್ತು. ಓಣಿಯ ಎರಡೂ ಬದಿಯ ಬಳ್ಳಿಗಳು ನಮ್ಮ ತಲೆಯ ಮೇಲೆ ಹಗ್ಗ ಹಿಡಿದು ಕೂಡಿದ್ದವು. ಕಾಲ ಕೆಳಗೆ ಬಿಸಿಲು ಕಾಸಿನಗಲದ ಚುಕ್ಕೆಗಳಾಗಿ ಬಿದ್ದಿತ್ತು. ಕುರಿಮರಿಗಳು ಆ ಚುಕ್ಕೆಗಳ ಮೇಲೆ ಮಲಗಿದ್ದವು. ಯಾವ ಬೀದಿಯಲ್ಲಿ ನಡೆದು ಬಂದಿದ್ದೆವೋ ಆ ಬೀದಿಗೂ ಇದಕ್ಕೂ ನೂರು ಹೆಜ್ಜೆ. ಆ ನೂರು ಹೆಜ್ಜೆಯಲ್ಲಿ ನಾವು ಬೇರೆ ತಿಂಗಳಿಗೆ ಬಂದಿದ್ದೆವು. ಅತ್ತೆ ಸೆಖೆಗೆ ಒದ್ದೆಯಾದ ಕುತ್ತಿಗೆ ಒರೆಸಿಕೊಳ್ಳುವುದನ್ನು ಅರ್ಧಕ್ಕೇ ಬಿಟ್ಟು ಮೇಲೆ ನೋಡುತ್ತಿದ್ದರು. ಗಂಡ ಮಾಡುವ ಕೆಲಸವನ್ನು ಅವರು ಎರಡು ವರ್ಷ ಬೈದಿದ್ದರು, ಕಣ್ಣಾರೆ ಕಂಡಿದ್ದು ಅವತ್ತೇ.

ಹನುಮವ್ವ ಬಾಗಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ನಮ್ಮನ್ನು ಕಂಡು ಬಾಯಿಯ ಮೇಲೆ ಬೆರಳಿಟ್ಟು ಒಳಗೆ ತೋರಿಸಿದಳು. ತಗಡಿನ ಮಾಡಿನ ಕೆಳಗೆ, ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ನಮ್ಮ ಮಾವನವರು ಅಂಗಿ ಬಿಚ್ಚಿ ಗೋಡೆಗೆ ತೂಗುಹಾಕಿ, ಚಾಪೆಯ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ಅಂದು ಗೋಡೆಯ ನೆರಳಿನಲ್ಲಿ ಮಲಗಿದ್ದ ಕೂಸು, ಈಗ ಎರಡು ವರ್ಷದ್ದು, ಅವರ ಹೊಟ್ಟೆಗೆ ಕಾಲು ಕೊಟ್ಟು ನಿದ್ದೆ ಹೋಗಿತ್ತು. ತಂಪು ಎಷ್ಟಿದೆ ಎಂದು ನೋಡಲು ಒಂದು ಗಳಿಗೆ ಒರಗುತ್ತೇನೆಂದು ಬೆಳಿಗ್ಗೆ ಒರಗಿದವರು!

ಎಬ್ಬಿಸಲೇ ಎಂದು ಕೇಳಿದೆ. ಅತ್ತೆ ಬೇಡವೆಂದು ತಲೆಯಾಡಿಸಿದರು. ಹನುಮವ್ವನ ಪಕ್ಕ ಕೂತು, ಈ ಬಳ್ಳಿಯ ತೊಂಡೆಕಾಯಿ ಕಹಿಯೋ ಸಿಹಿಯೋ ಎಂದು ವಿಚಾರಿಸತೊಡಗಿದರು. ಮನೆಗೆ ಹೊರಟಾಗ ಅವರ ಮಡಿಲು ತೊಂಡೆಕಾಯಿಯಿಂದ ತುಂಬಿತ್ತು.

ಅಲ್ಲಿಂದ ಮುಂದೆ ನಾಲ್ಕೈದು ವರ್ಷ ಮಾವನವರನ್ನು ಹುಡುಕುವುದು ಸುಲಭವಾಯಿತು. ತಲೆಯೆತ್ತಿ ನೋಡಿದರೆ ಯಾವುದಾದರೂ ಮಾಡಿನ ಮೇಲೆ ಇರುತ್ತಿದ್ದರು. ನಮ್ಮ ತಾರಸಿಯಿಂದ ಕಾಣುವ ಊರಿನ ಹೊಳಪು ಒಂದೊಂದೇ ಮನೆಯಾಗಿ ಆರುತ್ತ ಬಂತು, ಅಲ್ಲಲ್ಲಿ ಹಸಿರು ಕೂತಿತು. ಎಲ್ಲ ಮನೆಯೂ ಅಲ್ಲ. ಎಷ್ಟೋ ಕಡೆ ಬಳ್ಳಿ ಒಣಗಿತು, ಎಷ್ಟೋ ಕಡೆ ಕೋತಿ ಕಿತ್ತಿತು, ಕೆಲವರು ಕಸ ಬೀಳುತ್ತದೆಂದು ಕಿತ್ತುಹಾಕಿದರು. ಅವರು ಯಾರ ಜೊತೆಯೂ ಜಗಳವಾಡಲಿಲ್ಲ. ಮುಂದಿನ ಮಳೆಗೆ ಮತ್ತೊಂದು ಕಾಂಡ ಹಿಡಿದು ಅದೇ ಬಾಗಿಲಿಗೆ ಹೋಗುತ್ತಿದ್ದರು. ತಾರಸಿ ತೋಟದ ಮೇಲೆ ಈಗ ಪೇಪರಿನಲ್ಲಿ ದೊಡ್ಡ ದೊಡ್ಡ ಮಾತು ಓದುತ್ತೇನೆ. ಅವರಿಗೆ ಅದರಲ್ಲಿ ಒಂದು ಮಾತೂ ಗೊತ್ತಿರಲಿಲ್ಲ. ಗೊತ್ತಿದ್ದುದು ಯಾರ ಮನೆಯ ಮಾಡು ತಮ್ಮ ಅಂಗಡಿಯದು ಎಂಬುದೊಂದೇ.

ದಶಕದ ಕೊನೆಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಮಾತ್ರ ನಿಧಾನವಾಗಿ ಮರಳಿತು. ಪಡಸಾಲೆಯಲ್ಲಿ, ಮೆಟ್ಟಿಲಿನ ಪಕ್ಕಕ್ಕೇ ಮಂಚ ಹಾಕಿಸಿಕೊಂಡರು. ತಾರಸಿಗೆ ನೀರು ಹಾಕುವ ಕೆಲಸ ನನ್ನದಾಯಿತು. ಆ ಬೇಸಿಗೆಯಲ್ಲಿ ನಲ್ಲಿ ಬರುತ್ತಿದ್ದುದೇ ಎರಡು ಮೂರು ದಿನಕ್ಕೊಮ್ಮೆ, ಅದೂ ಮಧ್ಯಾಹ್ನ. ಕುಡಿಯಲು, ಅಡುಗೆಗೆ, ಅವರ ಮೈ ಒರೆಸಲು ಆದ ಮೇಲೆ ಉಳಿದಿದ್ದು ಗಿಡಕ್ಕೆ. ಮೊದಲು ಅವರೆಬಳ್ಳಿ ಒಣಗಿ ಹೋಯಿತು, ಆಮೇಲೆ ಮಲ್ಲಿಗೆ. ಅವರು ದಿನಾ ಒಂದೊಂದೇ ಗಿಡದ ಹೆಸರು ಹಿಡಿದು ಕೇಳುತ್ತಿದ್ದರು. ಮಲ್ಲಿಗೆ ಮೊಗ್ಗು ಬಿಟ್ಟಿದೆ ಎಂದು ನಾನು ಹೇಳುತ್ತಿದ್ದೆ. ಪೇಟೆಯಿಂದ ಹೂ ತಂದು ಒಂದು ದಿನ ತೋರಿಸಿದೆ ಕೂಡ.

ಒಂದು ಮಧ್ಯಾಹ್ನ ನೀರು ಹಾಕಿ ಇಳಿದು ಬರುವಾಗ ಅವರು ಕರೆದು ನಿಲ್ಲಿಸಿದರು.

"ಆರು ಸಲ ಹತ್ತಿ ಇಳಿದಿ. ನಾ ಕೇಳಿಸ್ಕಂತ ಇರ್ತೀನಿ. ಆರು ಕೊಡದಾಗ ಅಷ್ಟೂ ತೋಟ ಬದುಕಂಗಿಲ್ಲವ್ವಾ."

ಮಲಗಿದಲ್ಲೇ ಅವರಿಗೆ ಅಷ್ಟೂ ದಿನ ಎಲ್ಲ ಗೊತ್ತಿತ್ತು. ನನ್ನ ಪೇಟೆಯ ಮಲ್ಲಿಗೆಯನ್ನು ಮೂಸಿ, ಚೆನ್ನಾಗಿದೆ ಎಂದಿದ್ದರು. ನನಗೆ ಅಳು ಬಂತು. ಅವರೆ ಹೋಯಿತು, ಮಲ್ಲಿಗೆ ಹೋಯಿತು, ಬದನೆ ಇವತ್ತೋ ನಾಳೆಯೋ, ನನ್ನಿಂದಾಗಲಿಲ್ಲ ಮಾವ ಎಂದು ಎಲ್ಲ ಹೇಳಿಬಿಟ್ಟೆ. ಹೇಳುತ್ತಿದ್ದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ನೆನಪಾಗಿ, ಮಾವನೆದುರು ಹಾಗೆ ನಿಂತಿದ್ದೇನೆಂದು ಗಾಬರಿಯಾಗಿ, ಒದ್ದೆ ಸೆರಗನ್ನೇ ಎಳೆದು ತಲೆಗೆ ಹಾಕಿಕೊಂಡೆ.

ಅವರು ಗಿಡದ ಮಾತೇ ಎತ್ತಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಬಿಸಿಲಿಗೆ ಕೆಂಪಾಗಿ ಸಿಪ್ಪೆ ಏಳುತ್ತಿತ್ತು, ಅದು ನನಗೆ ಗೊತ್ತಿತ್ತು, ಅವರಿಗೂ ಕಂಡಿತು.

"ಇಷ್ಟ್ ವರ್ಷ ನನ್ನ ಕಂಡ ಕೂಡ್ಲೆ ಸೆರಗು ಹೊದ್ಕೊಂಡಿ. ನನಗ್ಯಾಕವ್ವಾ ಅದು. ಬಿಸಿಲಿಗೆ ಹೊದ್ಕೊ."

ಹತ್ತಿರ ಬಾ ಎಂದರು. ಬಗ್ಗಿದೆ. ಸೊಸೆಯನ್ನು ಒಂದು ದಿನವೂ ಮುಟ್ಟಿ ಮಾತಾಡಿಸದವರು, ಆಡುವ ಎಡಗೈಯನ್ನು ಕಷ್ಟಪಟ್ಟು ಎತ್ತಿ ನನ್ನ ನೆತ್ತಿಯ ಮೇಲಿಟ್ಟರು. ಬಿಸಿಲಿಗೆ ಕಾದಿದ್ದ ತಲೆಗೆ ಆ ಕೈ ಭಾರವಾಗಿತ್ತು, ತಣ್ಣಗಿತ್ತು.